‘ಬರೆದು ಕೊಡಿ ಸಾಹೇಬರೇ’: ಪೊಲೀಸರು ಗಾಡಿ ತಡೆದಾಗ ಚಾಲಕನಿಗೆ ಗೊತ್ತಿರಬೇಕಾದದ್ದು

ಬೆಟಗೇರಿಯ ಸೀರೆಗಳನ್ನು ಹುಬ್ಬಳ್ಳಿಯ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕಸುಬು. ವಾರಕ್ಕೆ ನಾಲ್ಕು ದಿನ ಗದಗ–ಅಣ್ಣಿಗೇರಿ–ಹುಬ್ಬಳ್ಳಿ ರಸ್ತೆಯಲ್ಲಿ ಹಳೆಯ ಓಮ್ನಿ ಓಡಿಸುತ್ತೇನೆ. ಹಿಂದೆ ಗಂಟುಗಂಟಾಗಿ ಸರಕು ತುಂಬಿದ ಗಾಡಿ ಎಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಹೀಗಾಗಿ ಪೊಲೀಸರ ಕೈಸನ್ನೆಗೆ ನಿಂತ ಅನುಭವ ನನಗೆ ಬೇಕಾದಷ್ಟಿದೆ.

ಕೆಲವು ವರ್ಷಗಳ ಹಿಂದೆ ಹೆದ್ದಾರಿಯ ಒಂದು ತಿರುವಿನಲ್ಲಿ, ಮುಸ್ಸಂಜೆ ಹೊತ್ತು, ಗಾಡಿ ನಿಲ್ಲಿಸಿದೊಡನೆ ಕಿಟಕಿಯೊಳಗೆ ಒಂದು ಕೈ ಬಂದು ಕೀಲಿ ಕಿತ್ತುಕೊಂಡಿತು. ನಾನು ಸೀಟ್ ಬೆಲ್ಟ್ ಹಾಕಿರಲಿಲ್ಲ, ತಪ್ಪು ನನ್ನದೇ. ಆದರೆ ಕೀಲಿ ಹೋದ ಸಿಟ್ಟಿಗೆ ಅರ್ಧ ಗಂಟೆ ಕೂಗಾಡಿದೆ. ಕೊನೆಗೆ ನಗದು ಕೊಟ್ಟು, ಕೀಲಿ ಇಸಿದುಕೊಂಡು ಹೊರಟೆ. ರಸೀದಿ ಕೇಳುವುದು ನೆನಪಾಗಲಿಲ್ಲ. ಮುಂದೆ ಗಾಡಿ ಮಾರಲು ಹೋದಾಗ ಅದೇ ದಿನದ, ಅದೇ ತಪ್ಪಿನ ಪ್ರಕರಣ ನನ್ನ ನಂಬರಿನ ಮೇಲೆ ಹಾಗೆಯೇ ಕುಳಿತಿತ್ತು. ಮತ್ತೊಮ್ಮೆ ದಂಡ ಕಟ್ಟಿದೆ. ಧಾರವಾಡದಲ್ಲಿ ವಕೀಲಿಕೆ ಮಾಡುವ ನನ್ನ ಭಾವ ಕಥೆ ಕೇಳಿ ನಕ್ಕರು. “ಅರ್ಧ ಗಂಟೆ ಜಗಳವಾಡುವ ಬದಲು ಎರಡು ಶಬ್ದ ಹೇಳಿದ್ದರೆ ಸಾಕಿತ್ತು, ಬರೆದು ಕೊಡಿ ಎಂದು” ಅಂದರು. ಅಂದಿನಿಂದ ಅವರಲ್ಲಿ ಕೇಳಿ ತಿಳಿದದ್ದನ್ನು, ರಸ್ತೆಯಲ್ಲಿ ಕಲಿತದ್ದನ್ನು ಇಲ್ಲಿ ಅನುಕ್ರಮವಾಗಿ ಬರೆಯುತ್ತಿದ್ದೇನೆ.

ಹಂತ 1: ಮನೆ ಬಿಡುವ ಮುನ್ನ

ಡಿಎಲ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಬಾಡಿಗೆ ಗಾಡಿಯಾದರೆ ಪರ್ಮಿಟ್ ಮತ್ತು ಎಫ್‌ಸಿ (ಗಾಡಿ ಓಡಿಸಲು ಯೋಗ್ಯವಾಗಿದೆ ಎಂಬ ಪತ್ರ). ಇವೆಲ್ಲವನ್ನೂ ಮೂಲ ಕಾಗದದಲ್ಲೇ ತೋರಿಸಬೇಕೆಂಬ ಕಾಲ ಮುಗಿದಿದೆ. 2018ರ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ ತಿದ್ದುಪಡಿಯಾಗಿ ವಿದ್ಯುನ್ಮಾನ ರೂಪದ ದಾಖಲೆಗೂ ಅದೇ ಬೆಲೆ ಬಂದಿದೆ. ಆದರೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಇಲಾಖೆಯಿಂದಲೇ ಬಂದ ದಾಖಲೆ ಮಾತ್ರ ನಡೆಯುತ್ತದೆ. ಆರ್‌ಸಿಯ ಫೋಟೊ ತೆಗೆದು ಗ್ಯಾಲರಿಯಲ್ಲಿಟ್ಟುಕೊಂಡರೆ, ವಾಟ್ಸ್‌ಆ್ಯಪ್‌ನಲ್ಲಿ ತಮ್ಮನಿಂದ ತರಿಸಿಕೊಂಡರೆ ಅದು ದಾಖಲೆಯಾಗುವುದಿಲ್ಲ. ನೆಟ್‌ವರ್ಕ್ ಕೈಕೊಡುವ ಜಾಗದಲ್ಲಿ ಆ್ಯಪ್ ತೆರೆದು ಕಾಯುವುದಕ್ಕಿಂತ ಮನೆಯಲ್ಲೇ ಒಮ್ಮೆ ತೆರೆದು ಇಳಿಸಿಟ್ಟುಕೊಳ್ಳುವುದು ಲೇಸು.

ಮನೆಯಲ್ಲಿ ಪಿಯುಸಿ ಓದುವ ಮಗನಿದ್ದರೆ ಇನ್ನೊಂದು ಮಾತು. ಹದಿನೆಂಟು ತುಂಬದವನ ಕೈಗೆ ಗಾಡಿ ಕೊಟ್ಟರೆ, ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇಲ್ಲಿ ಹಕ್ಕಿನ ಮಾತು ಕೆಲಸಕ್ಕೆ ಬರುವುದಿಲ್ಲ.

ಹಂತ 2: ಕೈ ತೋರಿಸಿದರೆ ನಿಲ್ಲಿಸಿ

ಸಮವಸ್ತ್ರದ ಪೊಲೀಸರು ಕೈ ತೋರಿಸಿದಾಗ ನಿಲ್ಲಿಸಲೇಬೇಕು. ಇಂಡಿಕೇಟರ್ ಹಾಕಿ, ರಸ್ತೆಯ ಬದಿಗೆ ಪೂರ್ತಿ ಸರಿದು, ಎಂಜಿನ್ ಆರಿಸಿ, ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಈ ಕೊನೆಯದು ನನ್ನ ಅನುಭವದ ಪಾಠ. ಜೇಬಿನಲ್ಲಿರುವ ಕೀಲಿಗೆ ಯಾರೂ ಕೈ ಹಾಕುವುದಿಲ್ಲ.

ಕೀಲಿ ಕಿತ್ತುಕೊಳ್ಳುವ ಅಧಿಕಾರವನ್ನು ಯಾವ ಕಲಮೂ ಕೊಟ್ಟಿಲ್ಲ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ (ರಾಜ್ಯ ಪೊಲೀಸ್ ಮುಖ್ಯಸ್ಥ) ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಎಂದು ಸ್ಪಷ್ಟಪಡಿಸಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದ ಸಂದರ್ಭದಲ್ಲಿ ಪುಟ್ಟ ಮಗುವೊಂದು ಪ್ರಾಣ ಕಳೆದುಕೊಂಡಿತು. ಅದಾದ ಮೇಲೆ ಡಿಜಿಪಿ ಎಂ.ಎ. ಸಲೀಂ ಅವರು ಇದೇ ಸೂಚನೆಯನ್ನು ಇನ್ನಷ್ಟು ಬಿಗಿ ಮಾಡಿದರು. ಏಕಾಏಕಿ ಗಾಡಿಗೆ ಅಡ್ಡ ಹೋಗಬಾರದು, ಕೀಲಿ ಕಿತ್ತುಕೊಳ್ಳಬಾರದು, ಬೈಕಿನ ಹಿಂಬದಿ ಸವಾರನನ್ನು ಹಿಡಿದೆಳೆಯಬಾರದು, ವೇಗವಾಗಿ ಹೋದವರನ್ನು ಬೆನ್ನಟ್ಟದೆ ನಂಬರ್ ಬರೆದುಕೊಂಡು ಮುಂದಿನವರಿಗೆ ತಿಳಿಸಬೇಕು ಎಂದು.

ಆದರೆ ಇದು ಇಲಾಖೆಯು ತನ್ನವರಿಗೆ ಕೊಟ್ಟ ಸೂಚನೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ನಿಂತು “ನನ್ನನ್ನು ತಡೆಯುವ ಹಕ್ಕೇ ನಿಮಗಿಲ್ಲ” ಎಂದು ಇದನ್ನೇ ಓದಿ ಹೇಳಿದರೆ ದಾಖಲೆ ಕೇಳುವ ಅಧಿಕಾರ ಕೊಟ್ಟಿರುವ ಮೋಟಾರು ವಾಹನ ಕಾಯ್ದೆಯ 130ನೇ ಕಲಮು ಅಳಿಸಿಹೋಗುವುದಿಲ್ಲ. ಕಾನೂನುಬದ್ಧ ಆದೇಶವನ್ನು ಬೇಕೆಂದೇ ಮೀರಿದರೆ 179ನೇ ಕಲಮಿನಡಿ ಬೇರೆಯೇ ದಂಡ ಬೀಳುತ್ತದೆ. ಸೂಚನೆ ಮೀರಿ ನಡೆದುಕೊಂಡರು ಎನಿಸಿದರೆ ಎದೆಯ ಮೇಲಿನ ಹೆಸರಿನ ಪಟ್ಟಿ, ಸಮಯ, ಜಾಗ, ಜೀಪಿನ ನಂಬರ್ ಬರೆದುಕೊಳ್ಳಿ. ಅದು ಬಳಕೆಗೆ ಬರುವ ಜಾಗ ಬೇರೆ ಇದೆ, ಆ ಮಾತು ಕೊನೆಯಲ್ಲಿದೆ.

ಮೊಬೈಲ್‌ನಲ್ಲಿ ಚಿತ್ರೀಕರಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸಬಾರದು ಎನ್ನುವ ಕಾನೂನು ಇಲ್ಲ. ಆದರೆ ಮೊಬೈಲನ್ನು ಅವರ ಮೂಗಿಗೆ ಹಿಡಿದು, ದಾರಿಗೆ ಅಡ್ಡ ನಿಂತು, ಕೈ ತಾಗಿಸಿದರೆ ಭಾರತೀಯ ನ್ಯಾಯ ಸಂಹಿತೆಯ 221 (ಕರ್ತವ್ಯಕ್ಕೆ ಅಡ್ಡಿ) ಅಥವಾ 132ನೇ (ಕರ್ತವ್ಯದಲ್ಲಿರುವವರ ಮೇಲೆ ಹಲ್ಲೆ) ಕಲಮು ತಲೆಗೆ ಸುತ್ತಿಕೊಳ್ಳುತ್ತದೆ. ನಾನು ಮೊಬೈಲನ್ನು ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿನಲ್ಲಿಟ್ಟು “ರೆಕಾರ್ಡ್ ಆಗುತ್ತಿದೆ ಸಾಹೇಬರೇ” ಎಂದು ಮೊದಲೇ ಹೇಳಿಬಿಡುತ್ತೇನೆ. ಇಬ್ಬರ ಮಾತೂ ಮೆತ್ತಗಾಗುತ್ತದೆ.

ಹಂತ 3: ಕೇಳಿದ್ದನ್ನು ತೋರಿಸಿ

ಸಮವಸ್ತ್ರದಲ್ಲಿರುವ ಯಾವುದೇ ದರ್ಜೆಯ ಪೊಲೀಸರು ಡಿಎಲ್ ಕೇಳಬಹುದು, ಕೇಳಿದರೆ ತೋರಿಸಬೇಕು. ಮಫ್ತಿಯಲ್ಲಿದ್ದವರು ಕೇಳಿದರೆ ಗುರುತಿನ ಚೀಟಿ ನೋಡುವ ಹಕ್ಕು ನಿಮ್ಮದು. ಹೋಮ್‌ಗಾರ್ಡ್‌ಗಳು ಸಂಚಾರ ನಿಯಂತ್ರಣಕ್ಕೆ ನೆರವಾಗುತ್ತಾರೆ, ದಂಡ ಹಾಕುವವರು ಅವರಲ್ಲ. ಸಾರಿಗೆ ಇಲಾಖೆಯ ಅಧಿಕಾರಿ ವಿಮೆ, ಎಫ್‌ಸಿ, ಪರ್ಮಿಟ್ ಕೇಳಿದಾಗ ಕೈಯಲ್ಲಿ ಇಲ್ಲದಿದ್ದರೆ 15 ದಿನಗಳೊಳಗೆ ದೃಢೀಕರಿಸಿದ ಪ್ರತಿಯನ್ನು ಖುದ್ದಾಗಿ ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಒಪ್ಪಿಸುವ ಅವಕಾಶವನ್ನು 130ನೇ ಕಲಮೇ ಕೊಟ್ಟಿದೆ.

ಹಂತ 4: ದಂಡ ಕಟ್ಟುವುದೋ, ಕೋರ್ಟಿಗೆ ಹೋಗುವುದೋ

ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವ ಅಧಿಕಾರ 200ನೇ ಕಲಮಿನಿಂದ ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ಎಎಸ್‌ಐ ಮತ್ತು ಅದಕ್ಕಿಂತ ಮೇಲಿನವರದು. ಕಾನ್‌ಸ್ಟೇಬಲ್ ಒಬ್ಬರೇ ನಿಂತು ನೋಟು ಎಣಿಸುತ್ತಿದ್ದರೆ ಸಾಹೇಬರು ಎಲ್ಲಿದ್ದಾರೆ ಎಂದು ಕೇಳಿ. ಹೆಲ್ಮೆಟ್‌ಗೆ, ಸೀಟ್ ಬೆಲ್ಟ್‌ಗೆ ಕರ್ನಾಟಕದಲ್ಲಿ 500 ರೂಪಾಯಿ. ಕೇಂದ್ರದ ಕಾಯ್ದೆಯಲ್ಲಿ 1,000 ಇದ್ದದ್ದನ್ನು 2019ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಇಳಿಸಿತು.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಸ್ಥಳದಲ್ಲೇ ದಂಡ ಕಟ್ಟುವುದು ಕಡ್ಡಾಯವಲ್ಲ. ತಪ್ಪು ನನ್ನದಲ್ಲ ಎನಿಸಿದರೆ, ಅಥವಾ ಜೇಬಿನಲ್ಲಿ ಹಣವಿಲ್ಲದಿದ್ದರೆ, “ನೋಟಿಸ್ ಕೊಡಿ, ಕೋರ್ಟಿನಲ್ಲಿ ಹೇಳಿಕೊಳ್ಳುತ್ತೇನೆ” ಎನ್ನಬಹುದು. ಕಟ್ಟಿದರೆ ಯಂತ್ರದಿಂದ ಬರುವ ರಸೀದಿ ಬೇಕೇ ಬೇಕು. ರಸೀದಿಯ ಮೇಲೆ ಗಾಡಿ ನಂಬರ್, ಕಲಮು, ಮೊತ್ತ, ಸಮಯ ಸರಿಯಾಗಿವೆಯೇ ನೋಡಿ. ಒಮ್ಮೆ ನನ್ನ ಕೆಎ 26 ಗಾಡಿಯ ರಸೀದಿಯಲ್ಲಿ ಕೆಎ 25 ಎಂದು ಬಿದ್ದಿತ್ತು. ಅಲ್ಲೇ ನೋಡಿದ್ದಕ್ಕೆ ಸರಿಹೋಯಿತು, ಇಲ್ಲದಿದ್ದರೆ ಧಾರವಾಡದ ಯಾರದೋ ದಂಡ ನಾನು ಕಟ್ಟಿ, ನನ್ನದು ಬಾಕಿ ಉಳಿಯುತ್ತಿತ್ತು.

ಯಂತ್ರದ ರಸೀದಿಯ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಅಂದೇ ಅದರ ಫೋಟೊ ತೆಗೆದಿಡಿ.

“ರಸೀದಿ ಬೇಡವಾದರೆ ಅರ್ಧಕ್ಕೆ ಮುಗಿಸೋಣ” ಎಂಬ ಮಾತು ಬಂದರೆ ಲಾಭವೆಂದು ತಿಳಿಯಬೇಡಿ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಸಿಕ್ಕಿ ಕೊಡಬೇಕಾಗಿ ಬಂದರೆ 7 ದಿನಗಳೊಳಗೆ ದೂರು ಕೊಟ್ಟವನಿಗೆ ಮಾತ್ರ ರಕ್ಷಣೆ ಇದೆ. 2022ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದಾದ ಮೇಲೆ ಈ ದೂರು ಲೋಕಾಯುಕ್ತ ಪೊಲೀಸರಿಗೆ ಸಲ್ಲುತ್ತದೆ.

ಹಂತ 5: ಡಿಎಲ್ ಅಥವಾ ಗಾಡಿ ಇಟ್ಟುಕೊಂಡರೆ

206ನೇ ಕಲಮಿನಡಿ ಡಿಎಲ್ ವಶಪಡಿಸಿಕೊಂಡರೆ ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಬೇಕು. ಡಿಎಲ್ ಮರಳಿ ಬರುವವರೆಗೆ ಅಥವಾ ಪತ್ರದಲ್ಲಿ ಬರೆದ ದಿನದವರೆಗೆ ಆ ಪತ್ರವೇ ನಿಮಗೆ ಲೈಸೆನ್ಸ್. ಪತ್ರವಿಲ್ಲದೆ ಡಿಎಲ್ ಜೀಪಿನೊಳಗೆ ಹೋಯಿತೆಂದರೆ ಮುಂದಿನ ನಾಕಾಬಂದಿಯಲ್ಲಿ ನೀವು ಲೈಸೆನ್ಸ್ ಇಲ್ಲದ ಚಾಲಕ.

ಗಾಡಿಯನ್ನೇ ಹಿಡಿದಿಡಲು 207ನೇ ಕಲಮು ಕಾರಣಗಳನ್ನು ಎಣಿಸಿ ಹೇಳಿದೆ: ಲೈಸೆನ್ಸ್ ಇಲ್ಲ, ವಯಸ್ಸಾಗಿಲ್ಲ, ನೋಂದಣಿ ಇಲ್ಲ, ಪರ್ಮಿಟ್ ಇಲ್ಲ ಅಥವಾ ಅದರ ಷರತ್ತು ಮುರಿದಿದೆ. ಲೈಸೆನ್ಸ್, ವಯಸ್ಸು, ಪರ್ಮಿಟ್‌ನ ಸಂದರ್ಭದಲ್ಲಿ ಗಾಡಿಯ ಬದಲು ಆರ್‌ಸಿ ಮಾತ್ರ ಇಟ್ಟುಕೊಂಡು ಸ್ವೀಕೃತಿ ಕೊಡುವ ದಾರಿಯೂ ಅದೇ ಕಲಮಿನಲ್ಲಿದೆ. ಸರಕು ಹೇರಿಕೊಂಡು ಹೋಗುತ್ತಿದ್ದರೆ ಈ ದಾರಿಯನ್ನು ವಿನಯದಿಂದ ನೆನಪಿಸಿ. ಹೆಲ್ಮೆಟ್ ಇಲ್ಲ ಎಂಬುದು 207ರ ಪಟ್ಟಿಯಲ್ಲಿಲ್ಲ.

ಹಂತ 6: ಊದಿ ಎಂದರೆ

ಹೊಸ ಕೊಳವೆ ಹಾಕಲು ಹೇಳಿ, ಊದುವ ಮುನ್ನ ಯಂತ್ರ ಸೊನ್ನೆ ತೋರಿಸುತ್ತಿದೆಯೇ ನೋಡಿ, ಬಂದ ಅಂಕಿಯ ಮುದ್ರಿತ ಚೀಟಿ ಕೇಳಿ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಊದುವುದಿಲ್ಲ ಎಂದು ಹಟ ಹಿಡಿಯುವುದು ಜಾಣತನವಲ್ಲ. ಕುಡಿದಿರುವ ಅನುಮಾನಕ್ಕೆ ಸಕಾರಣವಿದ್ದು ನೀವು ಒಪ್ಪದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಆದರೆ ಕುಡಿದು ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಬಂಧಿಸಿದವನನ್ನು 2 ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಎಂದು 202ನೇ ಕಲಮು ಹೇಳುತ್ತದೆ. ಬಂಧಿಸಿದ ಸಮಯವನ್ನು ಕಾಗದದ ಮೇಲೆ ಕಾಣುವಂತೆ ಬರೆಸುವುದು ಇದಕ್ಕೇ.

ಹಂತ 7: “ಡಿಕ್ಕಿ ತೆರೆಯಿರಿ”

ಜನ ಅತಿ ಹೆಚ್ಚು ತಬ್ಬಿಬ್ಬಾಗುವುದು ಇಲ್ಲಿ. ಮೋಟಾರು ವಾಹನ ಕಾಯ್ದೆ ದಾಖಲೆ ನೋಡಲು ಅಧಿಕಾರ ಕೊಟ್ಟಿದೆ, ಗಂಟು ಬಿಚ್ಚಿಸಲು ಕೊಟ್ಟಿಲ್ಲ. ಹೆಲ್ಮೆಟ್ ಇಲ್ಲದವನ ಬ್ಯಾಗ್ ತಡಕುವುದಕ್ಕೂ ಸಂಚಾರ ನಿಯಮಕ್ಕೂ ಸಂಬಂಧವಿಲ್ಲ. ಮೊಬೈಲಿನ ಲಾಕ್ ತೆಗೆಸಿ ಒಳಗಿನ ಸಂದೇಶ, ಚಿತ್ರ ನೋಡುವುದಕ್ಕೂ ಆ ಕಾಯ್ದೆಯಲ್ಲಿ ಜಾಗವಿಲ್ಲ.

ಶೋಧಿಸುವ ಅಧಿಕಾರ ಬೇರೆ ಕಡೆಯಿಂದ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ‘ಸ್ಥಳ’ ಎಂಬ ಪದದ ವ್ಯಾಖ್ಯೆಯೊಳಗೆ ವಾಹನವೂ ಸೇರಿದೆ. ಹೀಗಾಗಿ ಅಪರಾಧವೊಂದರ ತನಿಖೆಗೆ ಬೇಕಾದ ವಸ್ತು ಗಾಡಿಯಲ್ಲಿದೆ ಎಂದು ನಂಬಲು ಸಕಾರಣವಿದ್ದು, ವಾರಂಟ್ ತರುವಷ್ಟು ಸಮಯವಿಲ್ಲದಿದ್ದರೆ, ಠಾಣಾಧಿಕಾರಿ ಅಥವಾ ತನಿಖಾಧಿಕಾರಿ 185ನೇ ಕಲಮಿನಡಿ ಶೋಧಿಸಬಹುದು. ಆದರೆ ಕಾರಣವನ್ನು ಬರೆದಿಡಬೇಕು, ಶೋಧವನ್ನು ಮೊಬೈಲ್‌ನಂಥ ಸಾಧನದಲ್ಲಿ ಚಿತ್ರೀಕರಿಸಬೇಕು, ಆ ದಾಖಲೆ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. (ಮೋಟಾರು ವಾಹನ ಕಾಯ್ದೆಯ 185 ಕುಡಿತದ್ದು, ಸಂಹಿತೆಯ 185 ಶೋಧದ್ದು. ನಾನೇ ಒಮ್ಮೆ ಗೊಂದಲ ಮಾಡಿಕೊಂಡು ಭಾವನಿಂದ ಬೈಸಿಕೊಂಡಿದ್ದೇನೆ.) ಇದಲ್ಲದೆ ಮಾದಕ ವಸ್ತು ಕಾಯ್ದೆ, ಅಬಕಾರಿ ಕಾಯ್ದೆಗಳಲ್ಲಿ ಆಯಾ ಅಧಿಕಾರಿಗಳಿಗೆ ವಾಹನ ತಡೆದು ಶೋಧಿಸುವ ಪ್ರತ್ಯೇಕ ಅಧಿಕಾರವಿದೆ.

ಹಾಗಾದರೆ ಆ ಕ್ಷಣದಲ್ಲಿ ಏನು ಮಾಡಬೇಕು? ಮೊದಲು ಕೇಳಿ: “ಯಾವ ಪ್ರಕರಣದಲ್ಲಿ, ಯಾವ ಕಾಯ್ದೆಯಡಿ ನೋಡುತ್ತಿದ್ದೀರಿ ಸಾಹೇಬರೇ?” ಉತ್ತರ ಸಮಾಧಾನ ತಂದರೆ ತೆರೆಯಿರಿ. ತರದಿದ್ದರೆ “ನನ್ನ ಒಪ್ಪಿಗೆ ಇಲ್ಲ, ಆದರೆ ಅಡ್ಡಿ ಮಾಡುವುದಿಲ್ಲ” ಎಂದು ಸ್ಪಷ್ಟವಾಗಿ ಹೇಳಿ ಪಕ್ಕಕ್ಕೆ ಸರಿಯಿರಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಶೋಧ ನಡೆಯುವಾಗ ಎದುರಿಗೇ ಇರಿ, ಒಬ್ಬರು ಒಂದು ಬಾಗಿಲು, ಇನ್ನೊಬ್ಬರು ಇನ್ನೊಂದು ಬಾಗಿಲು ತೆರೆದರೆ “ಒಂದೊಂದಾಗಿ ನೋಡಿ, ನನ್ನ ಕಣ್ಣೆದುರೇ ಆಗಲಿ” ಎನ್ನಿ. ಸರಕಿನವನಾಗಿ ನನಗೆ ಇದು ದೊಡ್ಡದು. ನೂರು ಸೀರೆಯ ಗಂಟಿನಲ್ಲಿ ಎರಡು ಕಡಿಮೆಯಾದರೆ ಅಂಗಡಿಯವರಿಗೆ ಉತ್ತರ ಹೇಳಬೇಕಾದವನು ನಾನು.

ಏನನ್ನಾದರೂ ಜಪ್ತಿ ಮಾಡಿದರೆ ಪಂಚನಾಮೆ ಆಗಬೇಕು. ಅದಕ್ಕೆ ಆ ಊರಿನ ಇಬ್ಬರಾದರೂ ಸ್ವತಂತ್ರ ಪಂಚರು (ಸಾಕ್ಷಿಗಳು) ಬೇಕು, ವಸ್ತುಗಳ ಪಟ್ಟಿ ಬೇಕು, ಅವರ ಸಹಿ ಇರುವ ಪ್ರತಿ ನಿಮಗೆ ಬೇಕು. ಪಟ್ಟಿಯಲ್ಲಿ “ಕೆಲವು ಸೀರೆಗಳು” ಎಂದಿದ್ದರೆ ಒಪ್ಪಬೇಡಿ, ಎಷ್ಟು ಎಂದು ಬರೆಯಲಿ. ಖಾಲಿ ಹಾಳೆಗೆ, ಓದಲು ಬಾರದ ಭಾಷೆಯ ಹಾಳೆಗೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕ ಸಮಯ ಮತ್ತು ನಿಮ್ಮ ತಕರಾರನ್ನು ಒಂದು ಸಾಲಿನಲ್ಲಿ ಬರೆಯಿರಿ.

ಮೈ ತಪಾಸಣೆಯ ವಿಷಯ ಬೇರೆ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಹೆಣ್ಣುಮಕ್ಕಳೇ, ಪೂರ್ಣ ಮರ್ಯಾದೆಯಿಂದ ಮಾಡಬೇಕು. ಮಾದಕ ವಸ್ತುವಿನ ಅನುಮಾನದಲ್ಲಿ ಮೈ ತಪಾಸಣೆ ಎಂದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಆಗಲಿ ಎನ್ನುವ ಹಕ್ಕನ್ನು ಆ ಕಾಯ್ದೆಯ 50ನೇ ಕಲಮು ಕೊಟ್ಟಿದೆ. ಈ ಹಕ್ಕು ಮೈಗೆ ಮಾತ್ರ, ಗಾಡಿಗಾಗಲಿ ಬ್ಯಾಗಿಗಾಗಲಿ ಅನ್ವಯಿಸದು.

ಗೋವಾಕ್ಕೆ ಹೋಗಿಬರುವ ನಮ್ಮ ಹುಡುಗರಿಗೆ ಒಂದು ಮಾತು: ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾದ ಬಾಟಲಿಯನ್ನು ಪರವಾನಗಿ ಇಲ್ಲದೆ ಅನಮೋಡ ಘಟ್ಟ ಹತ್ತಿಸಿ ತಂದರೆ ಅಬಕಾರಿಯವರು ಹಿಡಿಯುತ್ತಾರೆ, ಗಾಡಿಯೂ ಜಪ್ತಿಯಾಗಬಹುದು. ಆಗ ಮೇಲಿನ ಹಕ್ಕುಗಳೆಲ್ಲ ಪಂಚನಾಮೆ ಸರಿಯಾಗಿ ಆಯಿತೇ ಎಂದು ನೋಡುವುದಕ್ಕಷ್ಟೇ ಉಳಿಯುತ್ತವೆ.

ಚುನಾವಣೆಯ ದಿನಗಳಲ್ಲಿ

ನೀತಿಸಂಹಿತೆ ಜಾರಿಯಾದ ದಿನದಿಂದ ಚೆಕ್‌ಪೋಸ್ಟ್‌ಗಳ ಲೆಕ್ಕವೇ ಬೇರೆ. ನಗದು ಒಯ್ಯಲು 50,000 ರೂಪಾಯಿಯ ಮಿತಿ ಮೂಲತಃ ಅಭ್ಯರ್ಥಿ, ಏಜೆಂಟ್, ಪಕ್ಷದ ಕಾರ್ಯಕರ್ತರ ಗಾಡಿಗಳಿಗಾಗಿ ಚುನಾವಣಾ ಆಯೋಗ ಹಾಕಿದ್ದು. ಆದರೆ ರಸ್ತೆಯಲ್ಲಿ ಅದರ ಬಿಸಿ ತಟ್ಟುವುದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ನಗದು ಹಿಡಿದು ಊರಿಗೆ ಹೊರಟ ರೈತನಿಗೆ. ಸೋಮವಾರ, ಗುರುವಾರ ಅಲ್ಲಿ ಪೇಟೆ. ಮಾರಾಟದ ಪಟ್ಟಿಯನ್ನು ಹಣದ ಜೊತೆಗೇ ಇಟ್ಟುಕೊಳ್ಳಿ. ಬ್ಯಾಂಕಿನಿಂದ ತೆಗೆದ ಹಣವಾದರೆ ಪಾಸ್‌ಬುಕ್ಕಿನ ನಮೂದು, ಮದುವೆ ಖರ್ಚಿಗಾದರೆ ಲಗ್ನಪತ್ರಿಕೆ. ಹೀಗಿದ್ದೂ ಹಣ ಹಿಡಿದರೆ ನೋಟು ಎಣಿಸುವುದನ್ನು ಚಿತ್ರೀಕರಿಸಿ ರಸೀದಿ ಕೊಡಬೇಕು, ಮೇಲ್ಮನವಿ ಎಲ್ಲಿ ಎಂಬುದೂ ಅದರಲ್ಲಿರಬೇಕು. ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇರುವ ಮೂವರ ಸಮಿತಿ ಇಂಥ ಹಣವನ್ನು ಪರಿಶೀಲಿಸಿ ಬಿಡುಗಡೆ ಮಾಡುತ್ತದೆ. ಹಾವೇರಿಯಲ್ಲಿ ಹಿಡಿದರೆ ಹಾವೇರಿಯ ಸಮಿತಿ, ನಿಮ್ಮೂರು ಗದಗ ಜಿಲ್ಲೆಯಲ್ಲಿದ್ದರೂ.

ಹಂತ 8: “ಠಾಣೆಗೆ ಬನ್ನಿ”

“ನನ್ನನ್ನು ಬಂಧಿಸಿದ್ದೀರಾ, ಇಲ್ಲವಾ?” ಎಂದು ಕೇಳಿ. ಬಂಧಿಸಿದ್ದರೆ ಕಾರಣ ತಿಳಿಸಬೇಕು, ಬಂಧನದ ಜ್ಞಾಪನ ಪತ್ರ ಬರೆಯಬೇಕು, ನೀವು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು. ನಿಮ್ಮನ್ನೇ ಸಿಲುಕಿಸುವ ಹೇಳಿಕೆ ಕೊಡುವಂತೆ ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಅಸಾಧಾರಣ ಸಂದರ್ಭ ಬಿಟ್ಟರೆ ಹೆಣ್ಣುಮಕ್ಕಳನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಬಂಧಿಸುವಂತಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ.

ಹಂತ 9: ಗಾಡಿ ಬಿಡಿಸಿಕೊಳ್ಳುವುದು, ದೂರು ಕೊಡುವುದು

ಠಾಣೆಯ ಆವರಣದಲ್ಲಿ ಮಳೆ ಬಿಸಿಲಿಗೆ ತುಕ್ಕು ಹಿಡಿದು, ಟೈರಿನ ಸುತ್ತ ಹುಲ್ಲು ಬೆಳೆದ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಹಾಗೆ ಕೊಳೆಯಲು ಬಿಡಬಾರದು, ಸೂಕ್ತ ಬಾಂಡ್ ಬರೆಸಿಕೊಂಡು ಬೇಗ ಮಾಲೀಕರಿಗೆ ಒಪ್ಪಿಸಬೇಕು ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಮಿನಡಿ ಸಂಬಂಧಪಟ್ಟ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಆರ್‌ಸಿ, ವಿಮೆ, ಗುರುತಿನ ಚೀಟಿ ಮತ್ತು ಜಪ್ತಿ ಪಂಚನಾಮೆಯ ಪ್ರತಿ ಜೊತೆಗಿರಲಿ. ಪಂಚನಾಮೆಯಲ್ಲಿ ಸ್ಟೆಪ್ನಿ, ಬ್ಯಾಟರಿ, ಮ್ಯೂಸಿಕ್ ಸಿಸ್ಟಂ ನಮೂದಾಗಿದ್ದರೆ ಮಾತ್ರ ವಾಪಸು ಪಡೆಯುವಾಗ ಅವನ್ನು ಕೇಳಲು ನಿಮಗೆ ಆಧಾರವಿರುತ್ತದೆ.

ದೂರು ಕೊಡಲು ರಸ್ತೆಯಲ್ಲಿ ಬರೆದುಕೊಂಡ ಹೆಸರು, ಸಮಯ, ಜಾಗ ಈಗ ತೆಗೆಯಿರಿ. ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಾದರೆ ನವನಗರದ ಪೊಲೀಸ್ ಆಯುಕ್ತರ ಕಚೇರಿ, ಗದಗ, ಹಾವೇರಿಯಲ್ಲಾದರೆ ಎಸ್ಪಿ ಕಚೇರಿ. ಎರಡು ಪುಟ ಮೀರದ ಬರವಣಿಗೆ, ಬೈಗುಳವಿಲ್ಲದೆ, ನಡೆದದ್ದು ನಡೆದಂತೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅಲ್ಲಿ ಕದಲದಿದ್ದರೆ ಪೊಲೀಸ್ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ. ಆ ಕ್ಷಣದಲ್ಲೇ ಜೀವಕ್ಕೆ ಅಪಾಯವೆನಿಸಿದರೆ 112.

ಕಳೆದ ದೀಪಾವಳಿಗೆ ಮುಂಚೆ ಒಂದು ಸಂಜೆ ನನ್ನ ಓಮ್ನಿಯನ್ನು ಮತ್ತೆ ತಡೆದರು. ಹಿಂದಿನ ದೀಪ ಒಂದು ಉರಿಯುತ್ತಿರಲಿಲ್ಲ. ಡಿಎಲ್ ತೋರಿಸಿದೆ, ತಪ್ಪು ಒಪ್ಪಿಕೊಂಡೆ. ಯಂತ್ರದ ಕಾಗದದ ಸುರುಳಿ ಮುಗಿದಿತ್ತು. “ಹಾಗಾದರೆ ಕೈಯಿಂದಲೇ ಬರೆದು ಕೊಡಿ ಸಾಹೇಬರೇ” ಎಂದೆ. ಎಎಸ್‌ಐ ಅವರು ಒಂದು ಕ್ಷಣ ನನ್ನ ಮುಖ ನೋಡಿ, ಜೀಪಿನಿಂದ ರಸೀದಿ ಪುಸ್ತಕ ತರಿಸಿದರು, ಜೇಬು ತಡಕಿ “ಪೆನ್ನು ಇದೆಯೇನ್ರೀ?” ಎಂದರು. ಕೊಟ್ಟೆ. ರಸೀದಿ ನನ್ನ ಫೈಲಿನಲ್ಲಿದೆ. ಪೆನ್ನು ಅವರಲ್ಲೇ ಉಳಿಯಿತು.